ಹೊರಡಲೊಲ್ಲದ ಎಂಜಿನು

ಯಂತ್ರಕ್ಕೆ ನಾಲಗೆಯಿಲ್ಲ. ಆದರೂ ಕೇಳುವ ಕಿವಿ, ನೋಡುವ ಕಣ್ಣು ಉಳ್ಳವನಿಗೆ ಅದು ತನ್ನ ನೋವನ್ನು ತಿಳಿಸದೆ ಇರದು. ಹಳೆಯ ಕಾರುಗಳನ್ನು ದುರಸ್ತಿ ಮಾಡಿ ಜೀವಿಸುವ ಕುಶಲಿಗಳು ಈ ಸತ್ಯವನ್ನು ಚೆನ್ನಾಗಿ ಬಲ್ಲರು.

ದಾವಣಗೆರೆ, ಹರಿಹರಗಳ ಸೀಮೆಗೆ ಯಂತ್ರಗಳ ನಂಟು ಹಳೆಯದು. ದಾವಣಗೆರೆ ಹತ್ತಿಯ ಗಿರಣಿಗಳಿಂದ ಹೆಸರಾದ ಊರು. ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ, ಲೇತ್ ಯಂತ್ರಗಳನ್ನು ನಾಡಿಗೆ ಒದಗಿಸಿತು. 1951ರಲ್ಲಿ ದಾವಣಗೆರೆಯಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕಾಲಕ್ರಮದಲ್ಲಿ ಗಿರಣಿಗಳ ಸದ್ದಡಗಿತು. ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಆದರೆ ಕೈಗೆ ಹತ್ತಿದ ವಿದ್ಯೆ ಕಾರ್ಖಾನೆಯ ಬಾಗಿಲಿನೊಡನೆ ಮುಚ್ಚಿಹೋಗುವುದಿಲ್ಲ.

ವಿದ್ಯಾನಗರದ ಮನೆಯೊಂದರ ಮುಂದೆ ಹಳೆಯ ಅಂಬಾಸಿಡರ್ ಕಾರೊಂದು ನಿಂತಿದೆ ಎಂದು ಭಾವಿಸಿರಿ. ಈ ಕಾರುಗಳ ತಯಾರಿಕೆ 2014ರಲ್ಲಿಯೇ ನಿಂತಿತು. ಮಳೆಗಾಲವಿಡೀ ಓಡದೆ ನಿಂತಿದ್ದ ಕಾರು ಈಗ ಹೊರಡಲೊಲ್ಲದು. ಕೀಲಿ ತಿರುವಿದರೆ ಎಂಜಿನು ಗರಗರನೆ ತಿರುಗುತ್ತದೆ; ಆದರೆ ಹೊತ್ತಿಕೊಳ್ಳುವುದಿಲ್ಲ. "ಇನ್ನು ಇದನ್ನು ಗುಜರಿಗೆ ಕೊಟ್ಟುಬಿಡಿ, ಅಪ್ಪಾಜಿ" ಎನ್ನುತ್ತಾನೆ ಮಗ. ನಿವೃತ್ತ ಉಪಾಧ್ಯಾಯರಾದ ತಂದೆಗೆ ಮನಸ್ಸು ಒಪ್ಪದು. ಕರೆಸಿದ ಮುದುಕ ಮೆಕ್ಯಾನಿಕ್, "ಸ್ವಲ್ಪ ತಡೀರಿ, ಮೇಷ್ಟ್ರೇ. ರೋಗ ತಿಳಿಯದೆ ಮದ್ದು ಕೊಡಬಾರದು" ಎನ್ನುತ್ತಾನೆ.

ಅವನಿಗೆ ಮೊದಲ ಸುಳಿವು ಆಗಲೇ ದೊರೆತಿದೆ. ಜನರು 'ಸೆಲ್ಫ್' ಎಂದು ಕರೆಯುವ ಸ್ಟಾರ್ಟರ್ ಮೋಟಾರು ಎಂಜಿನನ್ನು ಬಿರುಸಾಗಿ ತಿರುಗಿಸುತ್ತಿದೆ. ಆದುದರಿಂದ ಬ್ಯಾಟರಿ ಸೊರಗಿಲ್ಲ. ಹಿಂದೆ ಈ ಕೆಲಸವನ್ನು ಕಬ್ಬಿಣದ ಹ್ಯಾಂಡಲಿನಿಂದ ತೋಳಬಲದಲ್ಲಿ ಮಾಡಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಶ್ರಮ ತಪ್ಪಿತು. ಆದರೆ ಸ್ಟಾರ್ಟರು ತಿರುಗಿಸಬಲ್ಲದು, ಅಷ್ಟೆ. ಎಂಜಿನು ತಾನೇ ಓಡಬೇಕಾದರೆ ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಅದನ್ನು ಅದುಮುವ ಒತ್ತಡ, ತಕ್ಕ ಕ್ಷಣದಲ್ಲಿ ಹಾರುವ ಕಿಡಿ ಇವೆಲ್ಲವೂ ಕೂಡಿಬರಬೇಕು. ಒಂದು ತಪ್ಪಿದರೂ ಉಳಿದವು ವ್ಯರ್ಥ.

ಮತ್ತೆ ಮತ್ತೆ ಕೀಲಿ ತಿರುವಿದರೆ ಇರುವ ಬ್ಯಾಟರಿಯೂ ಬರಿದಾದೀತು. ಆದುದರಿಂದ ಮೆಕ್ಯಾನಿಕ್ ಮೊದಲು ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೇ ಎಂದು ನೋಡುತ್ತಾನೆ. ಹಳೆಯ ಕಾರಿನ ಮುಳ್ಳು ಸುಳ್ಳು ಹೇಳುವುದುಂಟು. ಬಳಿಕ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚುತ್ತಾನೆ. ಅದು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲವೆಂದು ತಿಳಿದು ಪಂಪು, ಕಾರ್ಬ್ಯುರೇಟರುಗಳತ್ತ ಹೋಗಬೇಕು. ಇಲ್ಲಿ ಪ್ಲಗ್ಗು ತೊಯ್ದಿದೆ, ಪೆಟ್ರೋಲಿನ ವಾಸನೆಯಿದೆ. ಹಾಗಾದರೆ ಕೊರತೆ ಕಿಡಿಯದೇ ಇರಬೇಕು. ಪೆಟ್ರೋಲಿನ ಆವಿಯ ಬಳಿ ಕಿಡಿ ಹಾರಿಸುವುದು ಅಪಾಯ. ಆದುದರಿಂದ ಪ್ಲಗ್ಗನ್ನು ಮತ್ತೆ ಕೂರಿಸಿ, ಆವಿ ಚದುರಿದ ಮೇಲೆ, ಕಾಯಿಲಿನಿಂದ ಬರುವ ನಡುವಣ ತಂತಿಯ ತುದಿಯನ್ನು ರಬ್ಬರು ಹಿಡಿಯ ಇಕ್ಕಳದಲ್ಲಿ ಲೋಹಕ್ಕೆ ಸಮೀಪವಾಗಿ ಹಿಡಿದು ನೋಡುತ್ತಾನೆ. ಅಲ್ಲಿಯೂ ಕಿಡಿಯಿಲ್ಲ! ಎಂದರೆ ದೋಷ ಪ್ಲಗ್ಗುಗಳಲ್ಲಿಲ್ಲ. ಅದಕ್ಕೂ ಹಿಂದೆ ಅಡಗಿದೆ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಾಗ ಗುಟ್ಟು ಬಯಲಾಗುತ್ತದೆ. ಒಳಗಿನ ಎರಡು ಪುಟ್ಟ ಪಾಯಿಂಟುಗಳು ತೇವದಿಂದ ಮಾಸಿ ಬೂದುಬಣ್ಣಕ್ಕೆ ತಿರುಗಿವೆ. ಇವು ಕೂಡಿದಾಗ ಕಾಯಿಲಿನಲ್ಲಿ ವಿದ್ಯುತ್ತು ಹರಿಯುತ್ತದೆ. ಅಗಲಿದಾಗ ಆ ಹರಿವು ಥಟ್ಟನೆ ನಿಂತು, ಬ್ಯಾಟರಿಯ 12 ವೋಲ್ಟಿನಿಂದ ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತದೆ. ಮಾಸಿದ ಪಾಯಿಂಟುಗಳಲ್ಲಿ ವಿದ್ಯುತ್ತೇ ಹರಿಯದಿದ್ದರೆ ಕಿಡಿಯೆಲ್ಲಿಯದು? ಮೆಕ್ಯಾನಿಕ್ ಅವುಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಒರಸಿ, ನಡುವಣ ಅಂತರವನ್ನು ಸುಮಾರು 0.4 ಮಿಲಿಮೀಟರಿಗೆ ಸರಿಪಡಿಸುತ್ತಾನೆ. ತೊಯ್ದ ಪ್ಲಗ್ಗುಗಳನ್ನು ಒಣಗಿಸಿ ಕೂರಿಸಿ ಕೀಲಿ ತಿರುವಿದರೆ, ಎಂಜಿನು ಕೆಮ್ಮಿ ಎಚ್ಚರಗೊಳ್ಳುತ್ತದೆ.

ಆ ಮುದುಕ ಹೊಸ ಬಿಡಿಭಾಗ ಒಂದನ್ನೂ ಹಾಕಲಿಲ್ಲ. ಊಹೆಯಿಂದ ಪಂಪು, ಕಾಯಿಲು, ಬ್ಯಾಟರಿಗಳನ್ನು ಬದಲಿಸುತ್ತ ಹೋಗಿದ್ದರೆ ಮೇಷ್ಟ್ರ ಪಿಂಚಣಿಯ ಹಣ ಕರಗುತ್ತಿತ್ತು. ಕೊನೆಗೆ ಮಗನ ಮಾತೇ ಗೆಲ್ಲುತ್ತಿತ್ತು. ಇಂದಿನ ಕಾರುಗಳಲ್ಲಿ ಪಾಯಿಂಟುಗಳ ಸ್ಥಾನವನ್ನು ಎಲೆಕ್ಟ್ರಾನಿಕ್ ಸಾಧನಗಳು ಪಡೆದಿವೆ. ಆದರೆ ಅವನ ಪ್ರಶ್ನೆಗಳು ಹಳತಾಗಿಲ್ಲ: ಏನು ಸರಿಯಾಗಿದೆ? ಏನು ತಪ್ಪಿದೆ? ಸರಿಯಾದುದು ಎಲ್ಲಿ ಮುಗಿದು ತಪ್ಪು ಎಲ್ಲಿ ಮೊದಲಾಗುತ್ತದೆ? ಹೀಗೆ ಒಂದೊಂದಾಗಿ ಕೇಳುತ್ತ ಹೋಗುವ ತಾಳ್ಮೆಯೇ ವಿಜ್ಞಾನದ ಮೊದಲ ಪಾಠ.