ಕೆಂಪು ಕಲ್ಲಿನ ಊರಿನಿಂದ ಕಡಲ ಕೆಸರಿಗೆ

ಕಮಠಾಣಕ್ಕೆ ಹೋಗುವ ಬಸ್ಸು ಯಾವಾಗ ಎಂದು ಬೀದರಿನ ಚಹಾದಂಗಡಿಯಲ್ಲಿ ಕೇಳಿದೆ. “ಬಸದಿ ನೋಡ್ಲಾಕ ಬಂದೀರೇನ್ರಿ?” ಎಂದರು ಅಂಗಡಿಯವರು. ಪಾರ್ಶ್ವನಾಥನ ಬಸದಿಯನ್ನೂ ನೋಡುವೆ, ಮೊದಲು ಕಲ್ಲು ನೋಡಬೇಕು ಎಂದೆ. “ಕಲ್ಲಿನಾಗ ಏನದ್ರೀ ನೋಡ್ಲಾಕ? ಈ ಊರಾಗ ಎಲ್ಲಾ ಕಡಿ ಅದೇ ಅದ” ಎಂದು ನಕ್ಕರು.

ಅವರ ಮಾತು ನಿಜ. ಬೀದರ್ ನಿಂತಿರುವುದೇ ಕೆಂಪು ಕಲ್ಲಿನ ಮೇಲೆ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು ಕಟ್ಟಿಸಿದ ಕೋಟೆಯ ಕಂದಕವನ್ನು ಈ ಬಂಡೆಯಲ್ಲೇ ಕೊರೆದಿದ್ದಾರೆ. ನೌಬಾದಿನ ಸುರಂಗ ಬಾವಿಗಳೂ ಇದರೊಳಗೇ ಹಾದಿವೆ. ಹಿಂದಿನ ದಿನ ನರಸಿಂಹ ಝರಣಿಯ ಗವಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡಿದ್ದೆ. ಮೇಲಿನ ಕಲ್ಲು ತೂತುತೂತು, ಮಳೆನೀರನ್ನು ಕುಡಿದು ಕೆಳಕ್ಕೆ ಬಿಡುತ್ತದೆ. ತಳದ ಜೇಡಿ ಅದನ್ನು ತಡೆಯುತ್ತದೆ. ತಡೆದ ನೀರು ಪಕ್ಕಕ್ಕೆ ಹರಿದು ಗುಡ್ಡದ ಅಂಚಿನಲ್ಲಿ ಝರಿಯಾಗುತ್ತದೆ. ಹಾಗೆ ಇಳಿದು ಹೋಗುವ ನೀರು ತನ್ನ ಜೊತೆ ಏನನ್ನು ಒಯ್ಯುತ್ತದೆ ಎಂಬ ಪ್ರಶ್ನೆಯೇ ನನ್ನನ್ನು ಕಮಠಾಣದ ದಾರಿಗೆ ಹಚ್ಚಿದ್ದು.

ಊರು ಬೀದರಿನ ದಕ್ಷಿಣಕ್ಕಿದೆ. ದಾರಿಯುದ್ದಕ್ಕೂ ನೆಲ ಸಮತಟ್ಟು, ಮಣ್ಣು ಕುಂಕುಮದ ಬಣ್ಣ. ಕಲ್ಲು ಕಡಿದ ಒಂದು ಹೊಂಡದ ಅಂಚಿನಲ್ಲಿ ಇಳಿದೆ. ಗೋಡೆ ನೆಟ್ಟಗೆ ಕತ್ತರಿಸಿದಂತಿತ್ತು: ಮೇಲೆ ಗಟ್ಟಿಯಾದ ಕಗ್ಗೆಂಪು ಪದರ, ಕೆಳಗೆ ಹಳದಿ, ಬಿಳಿ ಮಚ್ಚೆಗಳ ಮೆತ್ತನೆಯ ಭಾಗ. ಕೆಲಸದಲ್ಲಿದ್ದ ಹಿರಿಯರೊಬ್ಬರು, “ಕಲ್ಲು ಒಯ್ಯಲಾಕ ಬಂದೀರೇನ್ರಿ ಸಾಹೇಬ್ರ?” ಎಂದರು. ಇಲ್ಲ ಕಾಕಾ, ಬರೀ ನೋಡಲು ಎಂದೆ. “ನೆಲದಾಗ ಇದ್ದಾಗ ಇದು ಮೆತ್ತಗ ಇರ್ತದ ನೋಡ್ರಿ. ಹೊರಗ ತೆಗೆದು ಬಿಸಿಲಿಗೆ ಇಟ್ರ ಗಟ್ಟಿ ಆಗ್ತದ” ಎಂದು ತುಂಡೊಂದನ್ನು ಕೈಗಿತ್ತರು. ಫ್ರಾನ್ಸಿಸ್ ಬುಕನನ್ ಕೇರಳದ ಅಂಗಡಿಪುರಂನಲ್ಲಿ ಗಮನಿಸಿದ್ದೂ ಇದೇ ಗುಣವನ್ನು. 1807ರ ತನ್ನ ಪುಸ್ತಕದಲ್ಲಿ ಅವನು ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮಲ್ಲಿ ಜಂಬಿಟ್ಟಿಗೆ ಎನ್ನುತ್ತೇವೆ.

ಈ ಕೆಂಪು ಮೊದಲು ಕಪ್ಪಾಗಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಲಾವಾ ಹರಿದು ಪದರಪದರವಾಗಿ ಹೆಪ್ಪುಗಟ್ಟಿತು. ಅದೇ ಬಸಾಲ್ಟ್. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡ ಮಳೆನೀರು ಸೌಮ್ಯ ಆಮ್ಲ. ಲಕ್ಷಾಂತರ ಮಳೆಗಾಲಗಳಲ್ಲಿ ಅದು ಬಂಡೆಯೊಳಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಮತ್ತು ಬಹುಪಾಲು ಸಿಲಿಕಾವನ್ನು ಕರಗಿಸಿ ಒಯ್ದಿತು. ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಚಹಾ ಸೋಸಿದ ಮೇಲೆ ಉಳಿಯುವ ಚರಟ ಹೇಗೋ ಹಾಗೆ ಈ ಕಲ್ಲು. ಸಾರವೆಲ್ಲ ನದಿ ಹಿಡಿದು ಸಮುದ್ರ ಸೇರಿತು. ಮಳೆ ಹಿಡಿದು ತಂದ ಇಂಗಾಲವೂ ಅದರ ಜೊತೆಗೇ ಹೋಗಿ ಕಡಲ ಜೀವಿಗಳ ಸುಣ್ಣದ ಚಿಪ್ಪಾಗಿ ತಳದಲ್ಲಿ ಕುಳಿತಿತು. ಬಂಡೆ ಕರಗಿದಷ್ಟೂ ಗಾಳಿಯಲ್ಲಿ ಇಂಗಾಲ ಇಳಿಯುತ್ತದೆ, ಭೂಮಿ ತಂಪಾಗುತ್ತದೆ.

ಪ್ರಾಚೀನ ಹವಾಮಾನವನ್ನು ಹುಡುಕುವವರು ಬೀದರಿಗೆ ಬಂದದ್ದು ಇದಕ್ಕೇ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಬಶಾಕ್ ಕಿಸಾಕ್ಯುರೆಕ್, ಮೈಕ್ ವಿಡೋಸನ್ ಮತ್ತು ರೇಚಲ್ ಜೇಮ್ಸ್ ಬೀದರಿನ ಲ್ಯಾಟರೈಟಿನ ಮೇಲಿನಿಂದ ಕೆಳಗಿನವರೆಗೆ ಮಾದರಿ ತೆಗೆದು ಲಿಥಿಯಂ ಅಳೆದರು. 2004ರಲ್ಲಿ ಅವರ ಪ್ರಬಂಧ ಬಂತು. ಲಿಥಿಯಂನಲ್ಲಿ ಎರಡು ಬಗೆ, ಅಂದರೆ ಎರಡು ಸಮಸ್ಥಾನಿಗಳು: 6 ತೂಕದ್ದು ಮತ್ತು 7 ತೂಕದ್ದು. ಬಂಡೆ ಶಿಥಿಲವಾಗಿ ಜೇಡಿಯಾಗುವಾಗ ಹಗುರವಾದದ್ದು ಹೆಚ್ಚಾಗಿ ಜೇಡಿಯಲ್ಲಿ ಉಳಿಯುತ್ತದೆ, ಭಾರವಾದದ್ದು ಹೆಚ್ಚಾಗಿ ನೀರಿನೊಂದಿಗೆ ಹೋಗುತ್ತದೆ. ಲ್ಯಾಟರೈಟಿನ ಮೇಲಿನ ಪದರಗಳಿಗೆ ಗಾಳಿ ಬೇರೆಡೆಯಿಂದ ಧೂಳು ತಂದು ಬೆರೆಸಿದೆ ಎಂಬ ಸುಳಿವೂ ಅವರಿಗೆ ಸಿಕ್ಕಿತು.

ನೆಲದಿಂದ ಹೋದದ್ದು ಕಡಲಲ್ಲಿ ಸಿಗಬೇಕಲ್ಲ? 2012ರಲ್ಲಿ ಸಂಬುದ್ಧ ಮಿಶ್ರ ಮತ್ತು ಫಿಲಿಪ್ ಫ್ರೋಲಿಕ್ ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ತೋರಿಸಿದರು. ಸಾಗರತಳದ ಕೆಸರಿನಲ್ಲಿ ಹೂತ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳಿಂದ ಕಳೆದ ಸುಮಾರು 6 ಕೋಟಿ ವರ್ಷಗಳ ಕಡಲನೀರಿನ ಲಿಥಿಯಂ ಸಮತೋಲವನ್ನು ಲೆಕ್ಕ ಹಾಕಿದರು. ಈ ಅವಧಿಯಲ್ಲಿ ಭಾರದ ಲಿಥಿಯಂನ ಅನುಪಾತ ಸಾವಿರಕ್ಕೆ 9ರಷ್ಟು ಏರಿತ್ತು. ಪರ್ವತಗಳು ಎದ್ದು, ಭೂಮಿ ತಂಪಾಗುತ್ತ ಬಂದ ಕಾಲದಲ್ಲಿ ಬಂಡೆ ಕರಗುವ ರೀತಿಯೇ ಬದಲಾಯಿತು ಎಂಬುದು ಅವರ ವಾದ. ಮಿಶ್ರ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ಚಿಪ್ಪಿನ ಅಂಕಿ ಓದಲು ಹೊಂಡದ ಗೋಡೆ ಗೊತ್ತಿರಬೇಕು, ಗೋಡೆಯಿಂದ ಏನು ಹೋಯಿತೆಂದು ತಿಳಿಯಲು ಚಿಪ್ಪು ಬೇಕು.

ಬಸದಿಯಲ್ಲಿ ಕೈಮುಗಿದು ಕೆರೆಯ ಏರಿಗೆ ಬಂದೆ. ಕಮಠಾಣದ ಕೆರೆ ಹಳೆಯದು. ಅಂಚಿನ ಕೆಸರು ಬಿರಿದು ಹೆಂಚಿನ ತುಂಡುಗಳಾಗಿತ್ತು. ನನಗೆ ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನ ವಿಭಾಗದ ಆರ್. ಶಂಕರ್ ಅವರ ಸಂಶೋಧನೆಯ ದಾರಿ ನೆನಪಾಯಿತು. 1987ರಲ್ಲಿ ಸಹಲೇಖಕರೊಂದಿಗೆ ಅವರು ಪ್ರಕಟಿಸಿದ್ದು ಅರಬ್ಬೀ ಸಮುದ್ರದ ತಳದ ಕೆಸರಿನ ರಸಾಯನದ ಬಗ್ಗೆ. ಮುಂದೆ ಅದೇ ಕುತೂಹಲ ಅವರನ್ನು ಒಳನಾಡಿಗೆ ಕರೆದುಕೊಂಡು ಹೋಯಿತು. 2006ರಲ್ಲಿ ಅವರೂ ಸಂಗಡಿಗರೂ ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳಿನ ಕಾಂತೀಯ ಗುಣ ಅಳೆದು 3,700 ವರ್ಷಗಳ ಮುಂಗಾರಿನ ಏರಿಳಿತವನ್ನು ಬಿಡಿಸಿಟ್ಟರು. 2009ರಲ್ಲಿ ಅನೀಶ್ ಕುಮಾರ್ ವಾರಿಯರ್ ಜೊತೆಗೂಡಿ ಆ ವಿಧಾನಕ್ಕೆ ರಾಸಾಯನಿಕ ಪುರಾವೆ ಒದಗಿಸಿದರು. ಮಳೆ ಹೆಚ್ಚಾದರೆ ಮಣ್ಣಿನಲ್ಲಿ ಸೂಕ್ಷ್ಮ ಕಾಂತೀಯ ಖನಿಜಗಳು ಹೆಚ್ಚು ಹುಟ್ಟುತ್ತವೆ, ಕೊಚ್ಚಿಕೊಂಡು ಕೆರೆಗೆ ಬರುತ್ತವೆ. ಸಮುದ್ರ ಓದಿದವರು ಕೆರೆ ಓದಿದ ಬಗೆ ಇದು.

ಭಾಲ್ಕಿಯ ಕಡೆಗೆ ಹೊರಟಂತೆ ಕೆಂಪು ಹಿಂದೆ ಸರಿದು ಎರೆ ಭೂಮಿ ತೆರೆದುಕೊಂಡಿತು. ತೊಗರಿ, ಸೋಯಾ, ಅಲ್ಲಲ್ಲಿ ಕಬ್ಬು. ಲ್ಯಾಟರೈಟಿನ ಹೊದಿಕೆ ಇಲ್ಲದ ಕಡೆ ಅದೇ ಬಸಾಲ್ಟ್ ಕರಿಮಣ್ಣಾಗಿದೆ. ಬ್ಯಾಲಹಳ್ಳಿಯ ಬಳಿ ಕಾರಂಜಾ ಜಲಾಶಯದ ನೀರು ಮಣ್ಣಿನ ಬಣ್ಣದ್ದಾಗಿ ನಿಂತಿತ್ತು. ಕಾರಂಜಾ ಮಾಂಜ್ರಾ ನದಿಗೆ, ಮಾಂಜ್ರಾ ಗೋದಾವರಿಗೆ, ಗೋದಾವರಿ ಬಂಗಾಳ ಕೊಲ್ಲಿಗೆ.

ಔರಾದಿಗೆ ಹೋಗುವಾಗ ಕೌಠಾ ಸೇತುವೆಯ ಮೇಲೆ ನಿಂತು ಮಾಂಜ್ರಾವನ್ನು ನೋಡಿದೆ. ಬೀಡ ಜಿಲ್ಲೆಯ ಬಾಲಾಘಾಟ್ ಬೆಟ್ಟದಲ್ಲಿ ಹುಟ್ಟಿದ ಈ ಹೊಳೆ ಒಯ್ದ ಮಣ್ಣನ್ನು ವಿಜ್ಞಾನಿಗಳು ಮತ್ತೆ ಮೇಲೆತ್ತಿದ್ದಾರೆ. 2006ರಲ್ಲಿ ಭಾರತದ ಅನಿಲ ಹೈಡ್ರೇಟ್ ಶೋಧಕ್ಕಾಗಿ ಜಾಯಿಡಿಸ್ ರೆಸಲ್ಯೂಷನ್ ಹಡಗು ಗೋದಾವರಿಯ ಮುಖದಾಚೆ, ಒಂದು ಕಿಲೋಮೀಟರಿಗೂ ಆಳದ ನೀರಿನ ತಳದಲ್ಲಿ ಕೊರೆಯಿತು. ಹುಡುಕಿದ್ದು ಇಂಧನ, ಜೊತೆಗೆ ಸಿಕ್ಕಿದ್ದು ಹವಾಮಾನದ ದಾಖಲೆ. ಆ ಕೆಸರಿನಲ್ಲಿ ಎಲೆಗಳ ಮೇಣ ಉಳಿದಿತ್ತು. ಮೇಣದ ಇಂಗಾಲ ನೋಡಿದರೆ ಒಣನೆಲದ ಹುಲ್ಲು ಹೆಚ್ಚಿತ್ತೋ, ಮರಗಿಡ ಹೆಚ್ಚಿತ್ತೋ ತಿಳಿಯುತ್ತದೆ. ಸುಮಾರು 4,000 ವರ್ಷಗಳ ಹಿಂದಿನಿಂದ 1,700 ವರ್ಷಗಳ ಹಿಂದಿನವರೆಗೆ ಈ ಸೀಮೆ ಹಂತಹಂತವಾಗಿ ಒಣಗುತ್ತ ಬಂತೆಂದು ಕಮಿಲೋ ಪೊಂಟನ್, ಲಿವಿಯು ಜಿಯೋಸನ್ ಮತ್ತಿತರರು 2012ರಲ್ಲಿ ಬರೆದರು.

2017ರಲ್ಲಿ ಜಿಯೋಸನ್ ತಂಡ ಅದೇ ಕೆಸರಿನಿಂದ ಇನ್ನೊಂದು ಮಾತು ಹೊರಡಿಸಿತು. ಮಳೆ ಹೆಚ್ಚಾದರೆ ಮಣ್ಣು ಹೆಚ್ಚು ಕೊಚ್ಚಿಹೋಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಮುಂಗಾರು ಕ್ಷೀಣಿಸಿದ ಕಾಲದಲ್ಲೇ ಗೋದಾವರಿಯ ಬಾಯಿಗೆ ಮಣ್ಣು ಹೆಚ್ಚು ಬಂದಿತ್ತು. ಮೇಲೆ ಬೇಸಾಯ ಹರಡಿದಾಗ ಅದು ಮತ್ತಷ್ಟು ಹೆಚ್ಚಿತು.

ಔರಾದಿನ ಹತ್ತಿರ ಬದುವಿನ ಮೇಲೆ ಕುಳಿತಿದ್ದ ರೈತರೊಬ್ಬರಿಗೆ ಇದನ್ನು ಹೇಳಿದೆ. ಅವರಿಗೆ ಅಚ್ಚರಿಯೇ ಆಗಲಿಲ್ಲ. “ಅದ್ರಾಗ ಏನದ್ರೀ? ಬರ ಬಿದ್ದ ವರ್ಷ ಹೊಲದಾಗ ಹುಲ್ಲೂ ಇರಲ್ಲ. ಮುಂದ ಒಂದೇ ದೊಡ್ಡ ಮಳಿ ಬಂದ್ರ ಎಲ್ಲಾ ಬಳಕೊಂಡು ಮಾಂಜ್ರಾಕ್ಕ ಹೋಗ್ತದ. ಬದು ಹಾಕಿದ್ರೂ ನಿಲ್ಲಲ್ರಿ” ಎಂದರು. ಹಡಗು, ಪ್ರಯೋಗಾಲಯ, ಸಮಸ್ಥಾನಿಗಳ ಲೆಕ್ಕ ಮುಟ್ಟಿದ ತೀರ್ಮಾನ ಅವರ ಹೊಲದ ಅನುಭವಕ್ಕೆ ಸಾವಿರಾರು ವರ್ಷಗಳ ಉದ್ದ ಕೊಟ್ಟಿತ್ತು, ಅಷ್ಟೆ.

ಆದರೆ ಅವರ ಹೊಲದ ಮಣ್ಣು ಈಗ ಸುಲಭವಾಗಿ ಕಡಲು ಮುಟ್ಟುವುದಿಲ್ಲ. ತೆಲಂಗಾಣದಲ್ಲಿ ಮಾಂಜ್ರಾಕ್ಕೆ ಅಡ್ಡಲಾಗಿ 1931ರ ಹೊತ್ತಿಗೆ ನಿಜಾಮಸಾಗರ ಅಣೆಕಟ್ಟು ಎದ್ದಿತು. ಹೂಳು ಅಲ್ಲಿ ತುಂಬುತ್ತ ಬಂದಿದೆ. ಆಮೇಲೆ ಸಿಂಗೂರು ಅಣೆಕಟ್ಟು, ಇತ್ತ ಕಾರಂಜಾ ಬಂದವು. ಹಾಗಾಗಿ ಈ ಸೀಮೆಯ ಹಳೆಯ ಹವಾಮಾನ ಬಂಗಾಳ ಕೊಲ್ಲಿಯ ತಳದಲ್ಲಿದೆ, ಇತ್ತೀಚಿನ ನೂರು ವರ್ಷಗಳ ಬರ, ನೆರೆ, ಬದಲಾದ ಬೆಳೆಗಳ ಗುರುತಿನ ದೊಡ್ಡ ಪಾಲು ನಮ್ಮ ಜಲಾಶಯಗಳ, ಕೆರೆಗಳ ಹೂಳಿನಲ್ಲಿದೆ. ಅದನ್ನು ಓದಲು ಹಡಗು ಬೇಕಿಲ್ಲ. ದೋಣಿ, ಒಂದು ಕೊಳವೆ ಮತ್ತು ಚಿತ್ರದುರ್ಗದಲ್ಲಿ ತೋರಿಸಿಕೊಟ್ಟ ತಾಳ್ಮೆ ಸಾಕು. ಹೂಳೆತ್ತುವ ಯಂತ್ರ ಕೆರೆಗೆ ಇಳಿಯುವ ಮೊದಲು ಆ ಕೊಳವೆ ಇಳಿಯಬೇಕು. ಒಮ್ಮೆ ಕಲಸಿಹೋದ ಪದರಗಳನ್ನು ಯಾವ ಪ್ರಯೋಗಾಲಯವೂ ಮತ್ತೆ ಸಾಲಾಗಿ ಜೋಡಿಸಲಾರದು. ಭಾಲ್ಕಿ, ಔರಾದಿನ ಕಾಲೇಜುಗಳಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸಂಶೋಧನಾ ವಿಷಯ ಸಿಗುವುದು ಕಷ್ಟ.