ಅಜ್ಜಿಯ ಹಾರ್ಮೋನಿಯಂ

ಮೊಮ್ಮಗ ‘ಕ್ವೀನ್’ ರಾಕ್ ತಂಡದ ‘ಗ್ರೇಟೆಸ್ಟ್ ಹಿಟ್ಸ್ 3’ ಹಾಕಿದ. ‘ಗದ್ದಲ ನಿಲ್ಲಿಸೋ’ ಎಂದೆ.

‘ತಾತ, ಇವರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ!’

ಕುತೂಹಲದಿಂದ ಕುಳಿತೆ. ಫ್ರೆಡ್ಡಿ 1991ರಲ್ಲಿ ತೀರಿಕೊಂಡನಂತೆ. 1999ರ ಈ ಆಲ್ಬಂನಲ್ಲಿ ಅವನ ದನಿಯೂ ಇದೆ. ಅವನು ಹಾಡಿದ್ದ ಕೆಲವನ್ನು ಅತಿಥಿಗಳಾದ ಎಲ್ಟನ್ ಜಾನ್, ಜಾರ್ಜ್ ಮೈಕೆಲ್ ಹಾಡಿದ್ದಾರೆ. ಬ್ಯಾಂಕಿನವನ ಬುದ್ಧಿ ನೋಡಿ, ಒಬ್ಬರ ಸಹಿ ಇನ್ನೊಬ್ಬರು ಹಾಕಬಹುದೇ ಎನಿಸಿತು. ಆದರೆ ಜಾರ್ಜ್ ಮೈಕೆಲ್ ನಕಲು ಮಾಡಿರಲಿಲ್ಲ. 1992ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ, ಫ್ರೆಡ್ಡಿಯ ನೆನಪಿನ ಕಛೇರಿಯಲ್ಲಿ, ತನ್ನದೇ ದನಿಯಲ್ಲಿ ಹಾಡಿದ್ದ. ಜನವೂ ದನಿಗೂಡಿಸಿತ್ತು.

ನನ್ನಾಕೆ ಹೋದ ಮೇಲೆ ಅವಳ ಹಾರ್ಮೋನಿಯಂ ಮುಟ್ಟಲು ಯಾರಿಗೂ ಬಿಟ್ಟಿರಲಿಲ್ಲ. ಅಂದು ಸಂಜೆ ಧೂಳು ಒರೆಸಿ ಮೊಮ್ಮಗನ ಮುಂದಿಟ್ಟೆ. ಎರಡು ಸ್ವರ ಹೊರಡಲಿಲ್ಲ, ರಿಪೇರಿಗೆ ಕೊಟ್ಟಿದ್ದೇನೆ.