ಲೆಕ್ಕ ಸರಿಯಾಗಿಯೇ ಇತ್ತು

ಮಧುರೆಯಲ್ಲಿ ಮಕ್ಕಳಿಗೆ ಗಣಿತ ಹೇಳುವ ನನಗೆ ಲೆಕ್ಕ ತಪ್ಪುವುದಿಲ್ಲವೆಂಬ ಜಂಬವಿತ್ತು. ಚೀಟಿ ಹಾಕುವಾಗ ಕಂತು, ಕೂಗು, ಬಡ್ಡಿ ಎಲ್ಲ ಗುಣಿಸಿ ನೋಡಿದ್ದೆ. ಲೆಕ್ಕ ಸರಿಯಿತ್ತು, ಚೀಟಿಯಾಕೆ ಊರು ಬಿಟ್ಟಳು. ಮಗಳ ಮದುವೆಗೆಂದಿದ್ದ ನಲವತ್ತು ಸಾವಿರ ಹೋಯಿತು. ಮನೆಯವರು ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆಮೇಲೊಮ್ಮೆ ಮರ್ಟನ್, ಶೋಲ್ಸ್ ಎಂಬಿಬ್ಬರ ಬಗ್ಗೆ ಓದಿದೆ. ಷೇರುಪೇಟೆಯ ಆಪ್ಷನ್‌ಗಳಿಗೆ ಬೆಲೆ ಕಟ್ಟುವ ಸೂತ್ರಕ್ಕಾಗಿ 1997ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಪಾಲುದಾರರಾಗಿದ್ದ ಅಮೆರಿಕದ ಹಣಕಾಸು ಸಂಸ್ಥೆ ಮರುವರ್ಷವೇ 400 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು! ಹಳೆಯ ಏರಿಳಿತ ನೋಡಿ ಮುಂದಿನದನ್ನು ಅಳೆದಿದ್ದರಂತೆ. ಆಗಸ್ಟ್‌ನಲ್ಲಿ ರಷ್ಯಾ ಸಾಲ ತೀರಿಸಲಾರೆನೆಂದಾಗ ಎಲ್ಲರೂ ಒಮ್ಮೆಗೇ ಮಾರಲು ಓಡಿದರು. ನನ್ನ ಹಾಳೆಯಲ್ಲೂ ಚೀಟಿಯಾಕೆಯ ಗಂಡನ ಕಾಯಿಲೆಗೆ ಕಾಲಂ ಇರಲಿಲ್ಲ.

ಮನೆಯವರಿಗೆ ಓದಿ ಹೇಳಿದೆ. "ಅವರಿಗೆ ನೊಬೆಲ್ಲಾದರೂ ಬಂದಿತ್ತಲ್ಲೇ" ಎಂದು ನಕ್ಕರು.